ಕರಾರು ಬಯಲಾಗಲಿ, ಅದಿರು ಊರಿಗೆ ದಕ್ಕಲಿ

ಆಫ್ರಿಕಾದ ನೆಲಸಂಪತ್ತಿನ ಲೂಟಿಯ ವಿರುದ್ಧ ಕನ್ನಡಿಗರ ಚಳವಳಿಯ ಪ್ರಣಾಳಿಕೆ

1. ಬೆಂಗಳೂರಿನಿಂದಲೇ ಯಾಕೆ

2014ರಲ್ಲಿ ಬೆಂಗಳೂರಿನಲ್ಲಿ ಉದ್ಯಮಿಗಳ ಸಮಾವೇಶವೊಂದು ನಡೆಯಿತು. ವೇದಾಂತ ರಿಸೋರ್ಸಸ್ ಕಂಪನಿಯ ಅಧ್ಯಕ್ಷ ಅನಿಲ್ ಅಗರ್‌ವಾಲ್ ಅದರ ವೇದಿಕೆಯಲ್ಲಿ ಜಾಂಬಿಯಾ ದೇಶದ ತಾಮ್ರದ ಗಣಿಯೊಂದನ್ನು ತಾವು ಕೊಂಡ ಕಥೆ ಹೇಳಿದರು. 2.5 ಕೋಟಿ ಡಾಲರಿಗೆ ಕೈಗೆ ಬಂದ ಆ ಗಣಿ ಅಲ್ಲಿಂದೀಚೆಗೆ ವರ್ಷಕ್ಕೆ ಕನಿಷ್ಠ 50 ಕೋಟಿ ಡಾಲರ್ ಕೊಡುತ್ತಿದೆ ಎಂದರು. ಆ ಮಾತಿನ ವಿಡಿಯೊ ಜಾಂಬಿಯಾ ತಲುಪಿದಾಗ ಅಲ್ಲಿನ ಜನ ಸಿಟ್ಟಿಗೆದ್ದರು. ನಮ್ಮ ನೆಲದ ತಾಮ್ರ ಇಷ್ಟು ಅಗ್ಗಕ್ಕೆ ಹೋದದ್ದು ಹೇಗೆ, ಕೊಟ್ಟವರು ಯಾರು ಎಂದು ಕೇಳಿದರು.

ಆ ಪ್ರಶ್ನೆ ಕೇಳುವ ಹೊಣೆ ಈ ಊರಿಗೂ ಇದೆ ಎಂದು ನಂಬಿದವರು ಸೇರಿ ಈ ಚಳವಳಿ ಕಟ್ಟುತ್ತಿದ್ದೇವೆ. ನಮ್ಮಲ್ಲಿ ವಿದ್ಯಾರ್ಥಿಗಳಿದ್ದಾರೆ, ಸಾಫ್ಟ್‌ವೇರ್ ನೌಕರರಿದ್ದಾರೆ, ವಕೀಲರು, ಮೇಷ್ಟರು, ಲೆಕ್ಕಪರಿಶೋಧಕರಿದ್ದಾರೆ. ಕರಾವಳಿಯ ಗೇರುಬೀಜದ ವ್ಯಾಪಾರ ಬಲ್ಲವರಿದ್ದಾರೆ. ಸಂಡೂರು, ಹೊಸಪೇಟೆಯ ಗಣಿ ಧೂಳಿನಲ್ಲಿ ಬೆಳೆದವರಿದ್ದಾರೆ.

ನಾವು ಹೇಳಲು ಹೊರಟಿರುವುದು ಇಷ್ಟೇ: ಆಫ್ರಿಕಾದ ಲೂಟಿಗೆ ಎರಡು ಸಹಿ ಬೇಕು. ಒಂದು ಹೊರಗಿನಿಂದ ಬಂದ ಕಂಪನಿಯದ್ದು, ಇನ್ನೊಂದು ಒಳಗೆ ಕುರ್ಚಿಯಲ್ಲಿ ಕೂತವನದ್ದು. ಒಂದು ಸಹಿಯನ್ನು ಮಾತ್ರ ಬೈದು ಇನ್ನೊಂದನ್ನು ಮರೆಸುವವರು ಲೂಟಿಕೋರರ ಅರ್ಧ ಕೆಲಸ ತಾವೇ ಮಾಡಿಕೊಡುತ್ತಾರೆ. ಎರಡೂ ಸಹಿ ಬಿದ್ದಿರುವ ಆ ಕರಾರನ್ನು ಬಯಲಿಗೆ ತರುವುದು ನಮ್ಮ ಮೊದಲ ಕೆಲಸ.

2. ಲೆಕ್ಕದ ಪುಸ್ತಕ ಓದಿದ ಗುಮಾಸ್ತ

ಆಫ್ರಿಕಾ ಬಡ ಖಂಡ ಎಂದು ನಮಗೆ ಶಾಲೆಯಿಂದಲೂ ಹೇಳಿಕೊಡಲಾಗಿದೆ. ಅದು ಬಡತನಕ್ಕೆ ನೂಕಲ್ಪಟ್ಟ ಶ್ರೀಮಂತ ಖಂಡ ಎಂಬುದನ್ನು ಹೇಳಿಕೊಟ್ಟವರು ಕಡಿಮೆ.

1884-85ರಲ್ಲಿ ಯುರೋಪಿನ ದೇಶಗಳು ಬರ್ಲಿನ್‌ನಲ್ಲಿ ಸೇರಿ ಆಫ್ರಿಕಾವನ್ನು ಹಂಚಿಕೊಳ್ಳುವ ನಿಯಮ ಬರೆದುಕೊಂಡವು. ಆ ಸಭೆಯಲ್ಲಿ ಆಫ್ರಿಕನ್ನರು ಯಾರೂ ಇರಲಿಲ್ಲ. ಬೆಲ್ಜಿಯಂ ರಾಜ ಎರಡನೇ ಲಿಯೊಪೋಲ್ಡ್ ಕಾಂಗೊವನ್ನು ತನ್ನ ಸ್ವಂತ ಆಸ್ತಿ ಮಾಡಿಕೊಂಡ. ಅಲ್ಲಿಗೆ ಒಮ್ಮೆಯೂ ಕಾಲಿಡದೆ ಅಲ್ಲಿನ ಕಾಡಿನ ರಬ್ಬರನ್ನು ಹಿಂಡಿ ತೆಗೆದ. ನಿಗದಿ ಮಾಡಿದಷ್ಟು ರಬ್ಬರು ತರದ ಹಳ್ಳಿಗಳಲ್ಲಿ ಅವನ ಸೈನಿಕರು ಜನರನ್ನು ಕೊಂದರು, ಕೈ ಕತ್ತರಿಸಿದರು.

ಇದನ್ನು ಜಗತ್ತಿಗೆ ಹೇಳಿದವರಲ್ಲಿ ಒಬ್ಬ ಹಡಗು ಕಂಪನಿಯ ಗುಮಾಸ್ತನಿದ್ದ. ಹೆಸರು ಎಡ್ಮಂಡ್ ಮೊರೆಲ್. 1890ರ ದಶಕದ ಕೊನೆಯಲ್ಲಿ ಅವನು ಆಂಟ್‌ವರ್ಪ್ ಬಂದರಿನಲ್ಲಿ ಸರಕಿನ ಲೆಕ್ಕ ನೋಡುತ್ತಿದ್ದ. ಕಾಂಗೊದಿಂದ ಬರುವ ಹಡಗುಗಳ ತುಂಬ ರಬ್ಬರು, ಆನೆದಂತ. ಕಾಂಗೊಗೆ ಹಿಂತಿರುಗುವ ಹಡಗುಗಳಲ್ಲಿ ಬಹುಪಾಲು ಬಂದೂಕು, ಮದ್ದುಗುಂಡು. ವ್ಯಾಪಾರ ಎಂದರೆ ಕೊಟ್ಟು ತರುವುದು. ಇಲ್ಲಿ ತರುವುದಿತ್ತು, ಕೊಡುವುದಿರಲಿಲ್ಲ. ಹಾಗಾದರೆ ಆ ರಬ್ಬರನ್ನು ಕೂಲಿ ಕೊಡದೆ, ಬಂದೂಕು ತೋರಿಸಿ ತೆಗೆಸುತ್ತಿದ್ದಾರೆ ಎಂಬುದು ಅವನಿಗೆ ಲೆಕ್ಕದ ಪುಸ್ತಕದಿಂದಲೇ ತಿಳಿಯಿತು. ಅವನು ಕೆಲಸ ಬಿಟ್ಟ, ಬರೆದ, ಊರೂರಲ್ಲಿ ಸಭೆ ಮಾಡಿದ. 1904ರಲ್ಲಿ ಕಾಂಗೊ ಸುಧಾರಣೆಗಾಗಿ ಸಂಘ ಕಟ್ಟಿದ. ಮಿಷನರಿ ಆಲಿಸ್ ಸೀಲಿ ಹ್ಯಾರಿಸ್ ಕಾಂಗೊದಲ್ಲಿ ತೆಗೆದ ಫೋಟೊಗಳು ಆ ಸಭೆಗಳಲ್ಲಿ ಸಾಕ್ಷಿ ಹೇಳಿದವು. 1908ರಲ್ಲಿ ಲಿಯೊಪೋಲ್ಡ್ ಕಾಂಗೊವನ್ನು ಬಿಟ್ಟುಕೊಡಬೇಕಾಯಿತು.

ನಮ್ಮ ಚಳವಳಿ ಹಿಡಿಯುವ ದಾರಿ ಅದೇ. ಘೋಷಣೆ ಕೂಗುವ ಮುನ್ನ ನಾವು ಲೆಕ್ಕ ಓದುತ್ತೇವೆ.

ಲಿಯೊಪೋಲ್ಡ್ ಹೋದ ಮೇಲೂ ಗಣಿಗಳು ಕಂಪನಿಗಳ ಕೈಯಲ್ಲೇ ಉಳಿದವು. 1960ರ ಜೂನ್ 30ರಂದು ಕಾಂಗೊ ಸ್ವತಂತ್ರವಾಯಿತು. ಎರಡು ವಾರ ಕಳೆಯುವುದರೊಳಗೆ ತಾಮ್ರ, ಕೋಬಾಲ್ಟ್, ಯುರೇನಿಯಂ ಇರುವ ಕಟಂಗಾ ಪ್ರಾಂತ್ಯ ಬೇರೆಯಾಗುತ್ತೇನೆಂದು ಸಾರಿತು. ಅದರ ಬೆನ್ನಿಗೆ ಬೆಲ್ಜಿಯಂ ಮತ್ತು ಯೂನಿಯನ್ ಮಿನಿಯರ್ ಎಂಬ ಗಣಿ ಕಂಪನಿ ನಿಂತಿದ್ದವು. ಪ್ರಧಾನಿ ಪ್ಯಾಟ್ರಿಸ್ ಲುಮುಂಬಾರನ್ನು 1961ರ ಜನವರಿ 17ರಂದು ಕಟಂಗಾಕ್ಕೆ ಒಯ್ದು ಕೊಂದರು. ಕೊಲ್ಲಲು ಆದೇಶ ಕೊಟ್ಟ ತಂಡದಲ್ಲಿ ಅವರ ನೆಲದವರೇ ಇದ್ದರು, ನೆರವಾದವರಲ್ಲಿ ಬೆಲ್ಜಿಯಂ ಅಧಿಕಾರಿಗಳಿದ್ದರು. ಎರಡು ಸಹಿ ಅಲ್ಲೂ ಬಿದ್ದಿದ್ದವು.

ಆ ವರ್ಷವೇ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಪರವಾಗಿ ಕಟಂಗಾದಲ್ಲಿ ಹೋರಾಡುತ್ತಾ ಭಾರತದ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಪ್ರಾಣ ಕೊಟ್ಟರು. ದೇಶ ಅವರಿಗೆ ಪರಮವೀರ ಚಕ್ರ ಕೊಟ್ಟಿತು. ಕಾಂಗೊ ಒಡೆಯದಿರಲಿ ಎಂದು ಭಾರತೀಯರು ರಕ್ತ ಸುರಿಸಿದ ಕಾಲವೂ ಇತ್ತು. ಆಫ್ರಿಕಾದಲ್ಲಿ ಭಾರತದ ಹೆಸರು ಅದಕ್ಕೆ ತಕ್ಕಂತೆ ಇರಬೇಕು ಎಂಬುದು ನಮ್ಮ ಹಂಬಲ.

3. ತಾಮ್ರದ ನಾಡಿನಲ್ಲಿ ನಡೆದದ್ದು

ಲೂಟಿ ಹೇಗೆ ನಡೆಯುತ್ತದೆ ಎಂದು ತಿಳಿಯಲು ಜಾಂಬಿಯಾ ಒಂದನ್ನೇ ನಿಧಾನವಾಗಿ ನೋಡಿದರೂ ಸಾಕು.

ಸೆಸಿಲ್ ರೋಡ್ಸ್‌ನ ಬ್ರಿಟಿಷ್ ಸೌತ್ ಆಫ್ರಿಕಾ ಕಂಪನಿ 1889ರಲ್ಲಿ ಬ್ರಿಟನ್ ರಾಣಿಯಿಂದ ಸನ್ನದು ಪಡೆಯಿತು. ಸ್ಥಳೀಯ ಮುಖ್ಯಸ್ಥರ ಒಪ್ಪಂದಗಳ ಹೆಸರು ಹೇಳಿ ಇಡೀ ನಾಡಿನ ಖನಿಜದ ಹಕ್ಕು ತನ್ನದೆಂದಿತು. ತಾಮ್ರದ ರಾಜಧನ ದಶಕಗಳ ಕಾಲ ಸರ್ಕಾರದ ಬದಲು ಆ ಕಂಪನಿಗೆ ಸೇರಿತು. 1964ರ ಅಕ್ಟೋಬರ್ 24ರ ಸ್ವಾತಂತ್ರ್ಯದ ಹೊಸ್ತಿಲಲ್ಲಿ, ಪರಿಹಾರ ಪಡೆದೇ ಅದು ಹಕ್ಕು ಬಿಟ್ಟಿತು.

ಅಧ್ಯಕ್ಷ ಕೆನೆತ್ ಕೌಂಡಾ 1969ರಲ್ಲಿ ಗಣಿಗಳ ಶೇ 51 ಪಾಲನ್ನು ದೇಶಕ್ಕೆ ತಂದರು. ಗಣಿ ಪಟ್ಟಣಗಳಲ್ಲಿ ಶಾಲೆ, ಆಸ್ಪತ್ರೆ, ಮನೆ, ಆಟದ ಮೈದಾನ ಗಣಿಯ ದುಡ್ಡಿನಲ್ಲೇ ನಡೆದವು. 1970ರ ದಶಕದ ಮಧ್ಯದಲ್ಲಿ ತಾಮ್ರದ ಬೆಲೆ ಕುಸಿಯಿತು. ಸಾಲ ಏರಿತು. ಸಾಲ ಕೊಟ್ಟವರು ಗಣಿ ಮಾರಿ ಎಂದು ಕೂತರು. 1990ರ ದಶಕದ ಕೊನೆಗೆ ಗಣಿಗಳು ತುಂಡುತುಂಡಾಗಿ ಮಾರಾಟವಾದವು. ಕೊಂಡವರ ಜೊತೆ ಮಾಡಿಕೊಂಡ ಅಭಿವೃದ್ಧಿ ಒಪ್ಪಂದಗಳನ್ನು ಜನರಿಂದ ಮುಚ್ಚಿಟ್ಟರು. ಅವು ಹೊರಬಂದಾಗ ತಿಳಿದದ್ದು: ರಾಜಧನ ಶೇ 0.6, ಅದೂ ಮುಂದಿನ ಹಲವು ವರ್ಷ ಯಾವ ಸರ್ಕಾರವೂ ಬದಲಿಸಬಾರದೆಂಬ ಷರತ್ತಿನೊಂದಿಗೆ. ಸಾವಿರ ರೂಪಾಯಿಯ ಅದಿರಿಗೆ ಆರು ರೂಪಾಯಿ. ಆ ನೆಲದಲ್ಲಿ ಒಮ್ಮೆ ಅಗೆದ ತಾಮ್ರ ಮತ್ತೆ ಹುಟ್ಟುವುದಿಲ್ಲ.

ಆ ಮಾರಾಟದ ಕಾಲದಲ್ಲಿ ಅಧ್ಯಕ್ಷರಾಗಿದ್ದವರು ಫ್ರೆಡರಿಕ್ ಚಿಲುಬಾ. ಕಾರ್ಮಿಕ ಸಂಘದ ನಾಯಕರಾಗಿ ಬೆಳೆದವರು. ಒಂದೇ ಪಕ್ಷದ ಆಡಳಿತ ಮುಗಿಸಿ 1991ರ ಚುನಾವಣೆಯಲ್ಲಿ ಗೆದ್ದು ಬಂದಾಗ ಜನ ಅವರ ಮೇಲೆ ಪ್ರಾಣವನ್ನೇ ಇಟ್ಟಿದ್ದರು. 2007ರಲ್ಲಿ ಲಂಡನ್ನಿನ ಹೈಕೋರ್ಟ್ ಸಿವಿಲ್ ಮೊಕದ್ದಮೆಯೊಂದರಲ್ಲಿ, ಚಿಲುಬಾ ಮತ್ತು ಅವರ ಸಂಗಡಿಗರು ಜಾಂಬಿಯಾದ ಬೊಕ್ಕಸದಿಂದ ಸುಮಾರು 4.6 ಕೋಟಿ ಡಾಲರ್ ಹೊಡೆದಿದ್ದಾರೆಂದು ತೀರ್ಪು ಕೊಟ್ಟಿತು. ಜಿನೀವಾದ ಒಂದೇ ಬಟ್ಟೆ ಅಂಗಡಿಗೆ ಅವರ ಲೆಕ್ಕದಲ್ಲಿ 5 ಲಕ್ಷ ಡಾಲರಿಗೂ ಹೆಚ್ಚು ಸಂದಾಯವಾಗಿತ್ತು. ತನಿಖೆಯವರಿಗೆ ಸಿಕ್ಕಿದ್ದು ರಾಶಿರಾಶಿ ಅಂಗಿ, ಸೂಟು, ಹೆಸರಿನ ಅಕ್ಷರ ಕೆತ್ತಿಸಿದ ಎತ್ತರ ಹಿಮ್ಮಡಿಯ ಶೂ. ಜಾಂಬಿಯಾದ ಕ್ರಿಮಿನಲ್ ನ್ಯಾಯಾಲಯ 2009ರಲ್ಲಿ ಅವರನ್ನು ಖುಲಾಸೆ ಮಾಡಿತು. ಲಂಡನ್ನಿನ ತೀರ್ಪು ಜಾಂಬಿಯಾದಲ್ಲಿ ಜಾರಿಯಾಗಲೇ ಇಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂದು ನಮ್ಮ ಹಿರಿಯರು ಕೇಳಿದ್ದು ಇಂಥ ಆಳ್ವಿಕೆಯನ್ನೇ ಕಂಡು.

2004ರಲ್ಲಿ ಕೊಂಕೋಲಾ ತಾಮ್ರದ ಗಣಿಗಳ ಶೇ 51 ಪಾಲು ವೇದಾಂತಕ್ಕೆ ಹೋಯಿತು. ಆ ಗಣಿಯ ಪಕ್ಕ ಚಿಂಗೋಲಾ ಪಟ್ಟಣ, ಅದರಾಚೆ ಮುಷಿಶಿಮ ಹೊಳೆ, ಮುಂದೆ ಕಾಫುಯೆ ನದಿ. ಹೊಳೆಯ ಅಂಚಿನ ಹಳ್ಳಿಗಳ ಜನ ಅದೇ ನೀರು ಕುಡಿಯುತ್ತಾರೆ, ಅದೇ ನೀರಿನಲ್ಲಿ ಮೆಕ್ಕೆಜೋಳ, ಸೊಪ್ಪು ಬೆಳೆಯುತ್ತಾರೆ, ಮೀನು ಹಿಡಿಯುತ್ತಾರೆ. 2006ರ ನವೆಂಬರ್‌ನಲ್ಲಿ ಗಣಿಯ ತ್ಯಾಜ್ಯದ ಕೊಳವೆ ಒಡೆದು ವಿಷ ನದಿ ಸೇರಿತು. 2011ರಲ್ಲಿ ಜಾಂಬಿಯಾದ ಹೈಕೋರ್ಟ್ ಸುಮಾರು 2,000 ಮಂದಿಗೆ ಪರಿಹಾರ ಕೊಡಿ ಎಂದಿತು. 2015ರಲ್ಲಿ ಸುಪ್ರೀಂ ಕೋರ್ಟ್ ಕಂಪನಿ ಮಾಡಿದ್ದು ತಪ್ಪು ಎಂದು ಒಪ್ಪಿಯೂ, ವೈದ್ಯಕೀಯ ದಾಖಲೆ ಇದ್ದ ಕೆಲವರಿಗೆ ಮಾತ್ರ ಪರಿಹಾರ ಉಳಿಸಿತು. ಆಸ್ಪತ್ರೆಯೇ ಸರಿಯಿಲ್ಲದ ಹಳ್ಳಿಗಾಡಿನವರು ದಾಖಲೆ ಎಲ್ಲಿಂದ ತಂದಾರು?

ಆದರೂ ಅವರು ಬಿಡಲಿಲ್ಲ. 1,826 ಹಳ್ಳಿಗರು ಲಂಡನ್ನಿನ ಕದ ತಟ್ಟಿದರು. ಗಣಿಯ ಮಾತೃಸಂಸ್ಥೆ ಇರುವ ಇಂಗ್ಲೆಂಡಿನಲ್ಲಿ ಈ ಮೊಕದ್ದಮೆ ನಡೆಯಬಹುದು ಎಂದು 2019ರ ಏಪ್ರಿಲ್‌ನಲ್ಲಿ ಬ್ರಿಟನ್ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2021ರ ಆರಂಭದಲ್ಲಿ, ಹೊಣೆ ಒಪ್ಪಿಕೊಳ್ಳದೆಯೇ, ಕಂಪನಿ ರಾಜಿ ಮಾಡಿಕೊಂಡಿತು. ಜಗತ್ತಿನ ಎಷ್ಟೋ ಗಣಿ ಊರುಗಳು ಇಂದು ಆ ತೀರ್ಪನ್ನು ಹಿಡಿದು ನ್ಯಾಯ ಕೇಳುತ್ತಿವೆ. ಅದನ್ನು ಗಳಿಸಿಕೊಟ್ಟವರು ಮುಷಿಶಿಮ ಹೊಳೆಯ ರೈತರು.

4. ಎರಡು ಸಹಿ ಬೀಳುವ ಬಗೆ

ಜಾಂಬಿಯಾದಲ್ಲಿ ಕಂಡದ್ದು ಬೇರೆ ಕಡೆ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಮೊದಲನೆಯದು, ಅಗ್ಗದ ಮಾರಾಟ. ಕಾಂಗೊದಲ್ಲಿ ಮೊಬುಟು 1965ರಿಂದ 1997ರವರೆಗೆ ಆಳಿದ. ಅವನು ಸುಮಾರು 500 ಕೋಟಿ ಡಾಲರ್ ನುಂಗಿದ್ದಿರಬಹುದು ಎಂಬುದು ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ 2004ರಲ್ಲಿ ಕೊಟ್ಟ ಅಂದಾಜು. ಪೂರ್ವಿಕರ ಊರು ಗ್ಬಾಡೊಲೈಟ್‌ನಲ್ಲಿ ಕಾಂಕಾರ್ಡ್ ವಿಮಾನ ಇಳಿಯುವಷ್ಟು ಉದ್ದದ ರನ್‌ವೇ ಹಾಕಿಸಿದ. ಅವನು ಹೋದ ಮೇಲೂ ಚಾಳಿ ಹೋಗಲಿಲ್ಲ. 2010ರಿಂದ 2012ರ ನಡುವೆ ಐದು ಗಣಿ ವ್ಯವಹಾರಗಳಲ್ಲಿ ದೇಶದ ಆಸ್ತಿಯನ್ನು ನಿಜ ಬೆಲೆಗಿಂತ ತೀರ ಕಡಿಮೆಗೆ ಮಾರಿ, ಕಾಂಗೊ 136 ಕೋಟಿ ಡಾಲರ್ ಕಳೆದುಕೊಂಡಿತು ಎಂದು ಕೋಫಿ ಅನ್ನಾನ್ ನೇತೃತ್ವದ ಸಮಿತಿ 2013ರಲ್ಲಿ ಲೆಕ್ಕ ಹಾಕಿತು. ಅದು ಆ ದೇಶ ಒಂದು ವರ್ಷ ಆರೋಗ್ಯ ಮತ್ತು ಶಿಕ್ಷಣಕ್ಕೆ ಇಟ್ಟ ಹಣದ ಹೆಚ್ಚುಕಡಿಮೆ ಎರಡು ಪಟ್ಟು. ಕೊಂಡವು ಎಲ್ಲೋ ದ್ವೀಪಗಳಲ್ಲಿ ನೋಂದಾಯಿಸಿದ ಬೇನಾಮಿ ಕಂಪನಿಗಳು. ಅವುಗಳಿಗೆ ನಂಟಿದ್ದ ಇಸ್ರೇಲಿ ಉದ್ಯಮಿ ಡಾನ್ ಗೆರ್ಟ್‌ಲರ್ ಮೇಲೆ ಅಮೆರಿಕ 2017ರಲ್ಲಿ ನಿರ್ಬಂಧ ಹೇರಿತು. ಅವರು ಆರೋಪಗಳನ್ನು ಅಲ್ಲಗಳೆದಿದ್ದಾರೆ.

ಎರಡನೆಯದು, ನೇರ ಲಂಚ. ಸ್ವಿಟ್ಜರ್ಲೆಂಡಿನ ಗ್ಲೆನ್‌ಕೋರ್ ಕಂಪನಿ 2022ರಲ್ಲಿ ಅಮೆರಿಕ ಮತ್ತು ಬ್ರಿಟನ್ ನ್ಯಾಯಾಲಯಗಳಲ್ಲಿ ತಪ್ಪೊಪ್ಪಿಕೊಂಡಿತು. ನೈಜೀರಿಯಾ, ಕ್ಯಾಮರೂನ್, ಐವರಿ ಕೋಸ್ಟ್, ಈಕ್ವಟೋರಿಯಲ್ ಗಿನಿ, ಕಾಂಗೊ ಎಲ್ಲವೂ ಲಂಚ ನಡೆದ ದೇಶಗಳ ಪಟ್ಟಿಯಲ್ಲಿದ್ದವು. ಕಾಂಗೊ ಜೊತೆ 18 ಕೋಟಿ ಡಾಲರ್ ಕೊಟ್ಟು ಲೆಕ್ಕ ಮುಗಿಸಿಕೊಂಡಿತು. ಕಂಪನಿ ದಂಡ ಕಟ್ಟಿ ವ್ಯಾಪಾರ ಮುಂದುವರಿಸಿತು. ಕೈಯೊಡ್ಡಿದ ಅಧಿಕಾರಸ್ಥರಲ್ಲಿ ಹೆಚ್ಚಿನವರ ಹೆಸರು ಹೊರಗೇ ಬರಲಿಲ್ಲ.

ಮೂರನೆಯದು, ಲೆಕ್ಕದ ಕಳ್ಳತನ. ಕಂಪನಿ ತನ್ನದೇ ಇನ್ನೊಂದು ಶಾಖೆಗೆ ಅದಿರನ್ನು ಕಡಿಮೆ ಬೆಲೆಗೆ ಮಾರಿದಂತೆ ಬರೆದುಕೊಳ್ಳುತ್ತದೆ. ಗಣಿ ಇರುವಲ್ಲಿ ನಷ್ಟ, ತೆರಿಗೆ ಇಲ್ಲದಲ್ಲಿ ಲಾಭ. ಜಾಂಬಿಯಾದ ಮೊಪಾನಿ ಗಣಿ ಗ್ಲೆನ್‌ಕೋರ್‌ಗೆ ತಾಮ್ರ ಮಾರಿದ ಬೆಲೆಯ ಪ್ರಶ್ನೆಯಲ್ಲಿ 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೆರಿಗೆ ಇಲಾಖೆಯ ಪರ ತೀರ್ಪು ಕೊಟ್ಟಿತು. ಇಂಥ ಎಲ್ಲ ದಾರಿಗಳಿಂದ ಆಫ್ರಿಕಾದಿಂದ ವರ್ಷಕ್ಕೆ 8,860 ಕೋಟಿ ಡಾಲರ್ ಅಕ್ರಮವಾಗಿ ಹೊರಗೆ ಹರಿಯುತ್ತದೆ ಎಂದು ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆ 2020ರಲ್ಲಿ ಅಂದಾಜಿಸಿತು. ಅದೇ ವರದಿಯ ಪ್ರಕಾರ ಆಫ್ರಿಕಾಕ್ಕೆ ವರ್ಷಕ್ಕೆ ಬರುವ ನೆರವು ಸುಮಾರು 4,800 ಕೋಟಿ ಡಾಲರ್. ಆಫ್ರಿಕಾಕ್ಕೆ ಜಗತ್ತು ದಾನ ಮಾಡುತ್ತಿದೆ ಎನ್ನುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ.

ನಾಲ್ಕನೆಯದು, ಗುಟ್ಟಿನ ಸಾಲ. ಮೊಜಾಂಬಿಕ್‌ನಲ್ಲಿ 2013-14ರಲ್ಲಿ ಸಂಸತ್ತಿಗೆ ತಿಳಿಸದೆ ಸುಮಾರು 200 ಕೋಟಿ ಡಾಲರ್ ಸಾಲ ಎತ್ತಿದರು. ಮೀನುಗಾರಿಕೆ ದೋಣಿ, ಕರಾವಳಿ ಕಾವಲು ಎಂಬ ನೆಪ. ಸಾಲ ಕೊಟ್ಟವರಲ್ಲಿ ಕ್ರೆಡಿಟ್ ಸ್ವೀಸ್ ಬ್ಯಾಂಕ್ ಇತ್ತು, ಅದರ ನೌಕರರೇ ಕಮಿಷನ್ ತಿಂದಿದ್ದರು. 2016ರಲ್ಲಿ ಗುಟ್ಟು ರಟ್ಟಾದಾಗ ನೆರವು ನಿಂತಿತು, ಆರ್ಥಿಕತೆ ಮುಗ್ಗರಿಸಿತು. ಸಹಿ ಹಾಕಿದ್ದ ಹಣಕಾಸು ಸಚಿವ ಮ್ಯಾನುಯೆಲ್ ಚಾಂಗ್ ತಪ್ಪಿತಸ್ಥ ಎಂದು 2024ರಲ್ಲಿ ನ್ಯೂಯಾರ್ಕ್ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಸಾಲದ ಹೊರೆ ಮಾತ್ರ ಆ ದೋಣಿಗಳನ್ನು ಕಣ್ಣಿಂದಲೂ ಕಾಣದ ಬಡವರ ತಲೆಯ ಮೇಲೆ.

ಈ ನಾಲ್ಕೂ ದಾರಿಗಳಿಗೆ ಬೇಕಾದದ್ದು ಗುಟ್ಟು. ಗುಟ್ಟು ಹೋದರೆ ಅರ್ಧ ಬಲ ಹೋಗುತ್ತದೆ.

5. ಇದರಲ್ಲಿ ನಮ್ಮವರ ಪಾಲು

ಬಿಳಿಯರು ದೋಚಿದರು, ಈಗ ಚೀನಾ ದೋಚುತ್ತಿದೆ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಮ್ಮವರ ಹೆಸರೂ ಪಟ್ಟಿಯಲ್ಲಿದೆ.

ಸಹಾರನ್‌ಪುರದಿಂದ ಹೋದ ಗುಪ್ತಾ ಸಹೋದರರು ಅಧ್ಯಕ್ಷ ಜೇಕಬ್ ಜುಮಾ ಕಾಲದಲ್ಲಿ ದಕ್ಷಿಣ ಆಫ್ರಿಕಾದ ಸರ್ಕಾರಿ ಉದ್ಯಮಗಳನ್ನು ಹೇಗೆ ಕೈವಶ ಮಾಡಿಕೊಂಡರು ಎಂಬುದನ್ನು ನ್ಯಾಯಮೂರ್ತಿ ಜೊಂಡೊ ಆಯೋಗ 2022ರಲ್ಲಿ ಸಂಪುಟಗಟ್ಟಲೆ ದಾಖಲಿಸಿತು. ಬೆಂಗಳೂರಿನ ಕರುತುರಿ ಗ್ಲೋಬಲ್ ಕಂಪನಿ ಇಥಿಯೋಪಿಯಾದ ಗಾಂಬೆಲಾದಲ್ಲಿ 1 ಲಕ್ಷ ಹೆಕ್ಟೇರ್ ಭೂಮಿಯನ್ನು 50 ವರ್ಷಕ್ಕೆ ಗುತ್ತಿಗೆ ಪಡೆಯಿತು. ಬಾಡಿಗೆ ಹೆಕ್ಟೇರಿಗೆ ವರ್ಷಕ್ಕೆ 20 ಬಿರ್, ಅಂದರೆ ಆಗಿನ ಲೆಕ್ಕದಲ್ಲಿ ಒಂದು ಡಾಲರಿಗಿಂತ ಚೂರು ಹೆಚ್ಚು. ಅದು ಅನುವಾಕ್ ಜನ ತಲೆಮಾರುಗಳಿಂದ ಬದುಕಿದ ಸೀಮೆ. ಬಾರೊ ನದಿಯ ಪ್ರವಾಹ ಬೆಳೆ ಕೊಚ್ಚಿಕೊಂಡು ಹೋಯಿತು, ಭೂಮಿಯ ಸಣ್ಣ ಭಾಗವಷ್ಟೇ ಸಾಗುವಳಿಯಾಯಿತು, 2015ರ ಕೊನೆಗೆ ಸರ್ಕಾರ ಗುತ್ತಿಗೆ ರದ್ದು ಮಾಡಿತು. ಅಲ್ಲಿನ ಜನರನ್ನು ಕೇಳದೆ ಅಡಿಸ್ ಅಬಾಬಾದಲ್ಲಿ ಕೂತು ಸಹಿ ಹಾಕಿದ್ದೇ ಮೂಲ ದೋಷ.

ಮಂಗಳೂರಿನ ಗೇರುಬೀಜ ಕಾರ್ಖಾನೆಗಳಿಗೆ ತಾಂಜಾನಿಯಾ, ಐವರಿ ಕೋಸ್ಟ್‌ಗಳಿಂದ ಸಿಪ್ಪೆ ಬಿಡಿಸದ ಬೀಜ ಬರುತ್ತದೆ. ಇಲ್ಲಿ ಹುರಿದು, ಒಡೆದು, ಸಿಪ್ಪೆ ತೆಗೆದು, ಬಿಳಿ ಗೋಡಂಬಿಯನ್ನು ದರ್ಜೆವಾರು ವಿಂಗಡಿಸಿ ಡಬ್ಬಕ್ಕೆ ತುಂಬುತ್ತಾರೆ. ಬೆಳೆದ ದೇಶಕ್ಕೆ ಕಚ್ಚಾ ಬೀಜದ ಬೆಲೆ, ಉಳಿದ ಮೌಲ್ಯ ಹೊರಗೆ. ಆ ಕಾರ್ಖಾನೆಗಳಲ್ಲಿ ಬೆರಳು ಸುಟ್ಟುಕೊಂಡು ದುಡಿಯುವ ನಮ್ಮ ಅಕ್ಕತಂಗಿಯರು ಯಾರನ್ನೂ ದೋಚುತ್ತಿಲ್ಲ. ಅವರ ಕೂಲಿಗೂ ತಾಂಜಾನಿಯಾದ ಬೆಳೆಗಾರರ ಬೆಲೆಗೂ ಒಟ್ಟಿಗೆ ದನಿ ಎತ್ತುವುದು ನಮ್ಮ ಹಾದಿ.

ಜಗತ್ತಿನ ಕೋಬಾಲ್ಟ್‌ನಲ್ಲಿ ಮುಕ್ಕಾಲಿಗೆ ಹತ್ತಿರದಷ್ಟು ಕಾಂಗೊದಿಂದ ಬರುತ್ತದೆ. ಕೊಲ್ವೇಜಿಯ ಸುತ್ತ ಜನ ಕೈಯಲ್ಲೇ ಸುರಂಗ ತೋಡಿ ಅದನ್ನು ತೆಗೆಯುತ್ತಾರೆ, ಸುರಂಗ ಕುಸಿದು ಸಾಯುತ್ತಾರೆ. ಆ ಕೋಬಾಲ್ಟ್ ಸೇರಿದ ಬ್ಯಾಟರಿ ನಮ್ಮ ಜೇಬಿನ ಫೋನಿನಲ್ಲಿರಬಹುದು. ಕೋಲಾರದ ನರಸಾಪುರದಲ್ಲಿ ಇಂದು ಫೋನು ಜೋಡಿಸುತ್ತಾರೆ. ಅಲ್ಲಿಂದ ತುಸು ದೂರದ ಕೆಜಿಎಫ್‌ನಲ್ಲಿ 1880ರಿಂದ ಬ್ರಿಟಿಷ್ ಕಂಪನಿ ಚಿನ್ನ ತೆಗೆಯಿತು. ಚಿನ್ನ ಹೋಯಿತು, ಸೈನೈಡ್ ಮಣ್ಣಿನ ದಿಬ್ಬಗಳು ಉಳಿದವು.

ಎರಡು ಸಹಿಯ ಲೂಟಿ ಕನ್ನಡಿಗರಿಗೆ ಹೊಸದಲ್ಲ. ಚೀನಾದ ಬೇಡಿಕೆಗೆ ಬಳ್ಳಾರಿಯ ಬೆಟ್ಟಗಳು ಲಾರಿ ಏರಿ ಬಂದರು ಸೇರಿದ್ದನ್ನು ನಾವು ಕಂಡಿದ್ದೇವೆ. ಗಣಿಧಣಿಗಳು ಮಂತ್ರಿಗಳಾದದ್ದನ್ನೂ ಕಂಡಿದ್ದೇವೆ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ 2011ರ ವರದಿ ಬೊಕ್ಕಸಕ್ಕೆ 16 ಸಾವಿರ ಕೋಟಿ ರೂಪಾಯಿ ನಷ್ಟ ಎಂದಿತು. ವರದಿ ಬಯಲಾದ ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಪರ್ಮಿಟ್, ಬಂದರು, ಬ್ಯಾಂಕ್ ಖಾತೆಗಳ ಲೆಕ್ಕ ಒಂದು ಕಡೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡೇ ಸಾಕ್ಷಿ.

6. ಬೇರೆ ದಾರಿ ಇದೆ

ಅದಿರು ಇರುವುದೇ ಶಾಪ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಬೋಟ್ಸ್‌ವಾನಾ 1966ರಲ್ಲಿ ಸ್ವತಂತ್ರವಾದಾಗ ಜಗತ್ತಿನ ಅತಿ ಬಡ ದೇಶಗಳಲ್ಲೊಂದು. ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ಆ ನೆಲ ಅಧ್ಯಕ್ಷ ಸೆರೆಟ್ಸೆ ಖಾಮಾ ಅವರ ಸ್ವಂತ ಬುಡಕಟ್ಟಿನ ಸೀಮೆಯಲ್ಲಿತ್ತು. ಅವರ ಸರ್ಕಾರ ಖನಿಜದ ಹಕ್ಕನ್ನು ಬುಡಕಟ್ಟುಗಳಿಂದ ಇಡೀ ದೇಶಕ್ಕೆ ವರ್ಗಾಯಿಸುವ ಕಾನೂನು ತಂದಿತು. ಡಿ ಬಿಯರ್ಸ್ ಕಂಪನಿಯೊಡನೆ ಚೌಕಾಶಿ ಮಾಡಿ ಪಾಲನ್ನು ಅರ್ಧಕ್ಕೆ ಏರಿಸಿಕೊಂಡಿತು. ಆ ಹಣ ರಸ್ತೆ, ಶಾಲೆ, ಆಸ್ಪತ್ರೆಯಾಯಿತು. ಇಂದು ಅದು ಮೇಲ್ಮಧ್ಯಮ ಆದಾಯದ ದೇಶ. ಅಲ್ಲೂ ಅನ್ಯಾಯವಾಗಿದೆ. ಕಲಹರಿಯ ಸಾನ್ ಜನರನ್ನು ಅವರ ನೆಲದಿಂದ ಎಬ್ಬಿಸಿದರು, 2006ರಲ್ಲಿ ಹೈಕೋರ್ಟ್ ಅದು ಕಾನೂನುಬಾಹಿರ ಎಂದಿತು. ಒಳ್ಳೆಯ ಆಡಳಿತವನ್ನೂ ಜನ ಕಾಯುತ್ತಲೇ ಇರಬೇಕು.

ಹಾಗೆ ಕಾಯಲು ಎದ್ದ ನೈಜೀರಿಯಾದ ಒಗೊನಿ ಜನ 1990ರಲ್ಲಿ ತಮ್ಮ ಹಕ್ಕುಪತ್ರ ಬರೆದು, ಎಣ್ಣೆಯಿಂದ ಹಾಳಾದ ನೆಲ ಸರಿಮಾಡಿ, ನಮ್ಮ ಪಾಲು ಕೊಡಿ ಎಂದರು. ಅವರ ನಾಯಕ, ಲೇಖಕ ಕೆನ್ ಸಾರೊ-ವಿವಾ ಸೇರಿ ಒಂಬತ್ತು ಮಂದಿಯನ್ನು ಸೇನಾಡಳಿತಗಾರ ಸಾನಿ ಅಬಾಚಾ 1995ರ ನವೆಂಬರ್ 10ರಂದು ಗಲ್ಲಿಗೇರಿಸಿದ. ಅದೇ ಅಬಾಚಾ ಕದ್ದು ಹೊರದೇಶಗಳಲ್ಲಿ ಬಚ್ಚಿಟ್ಟ ಹಣ ಇಂದಿಗೂ ಕಂತುಕಂತಾಗಿ ನೈಜೀರಿಯಾಕ್ಕೆ ಮರಳುತ್ತಿದೆ. 2011ರಲ್ಲಿ ವಿಶ್ವಸಂಸ್ಥೆಯ ಪರಿಸರ ಸಂಸ್ಥೆ ಒಗೊನಿ ನೆಲ ಪರೀಕ್ಷಿಸಿತು. ಒಂದು ಊರಿನ ಬಾವಿಗಳಲ್ಲಿ ಬೆಂಜೀನ್ ವಿಷ ಮಿತಿಯ 900 ಪಟ್ಟಿಗೂ ಮೀರಿತ್ತು. ಒಗೊನಿ ಜನ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

7. ನಾವು ನಂಬಿರುವುದು

ಒಂದು: ನೆಲದಡಿಯ ಸಂಪತ್ತು ಆ ನೆಲದ ಜನರದ್ದು. ಸರ್ಕಾರ ಅದರ ಕಾವಲುಗಾರ, ಒಡೆಯನಲ್ಲ.

ಎರಡು: ಜನರಿಂದ ಮುಚ್ಚಿಟ್ಟ ಕರಾರಿಗೆ ಜನರ ಒಪ್ಪಿಗೆ ಇಲ್ಲ.

ಮೂರು: ಲಂಚ ಕೊಟ್ಟವನೂ ತೆಗೆದುಕೊಂಡವನೂ ಸಮಾನ ಅಪರಾಧಿಗಳು. ಲಂಚದ ಹಣ ಬಚ್ಚಿಟ್ಟುಕೊಂಡ ಬ್ಯಾಂಕು ಮೂರನೇ ಅಪರಾಧಿ.

ನಾಲ್ಕು: ನದಿಗೆ ವಿಷ ಸೇರಿಸಿದ ಕಂಪನಿಯ ಹೊಣೆ ಗಣಿಯ ಗೇಟಿನಲ್ಲಿ ಮುಗಿಯುವುದಿಲ್ಲ. ಅದು ಮಾತೃಸಂಸ್ಥೆಯ ಮೇಜಿನವರೆಗೆ ಹೋಗಬೇಕು.

ಐದು: ಆಫ್ರಿಕನ್ನರಿಗೆ ಆಳಲು ಬಾರದು ಎನ್ನುವುದು ಜನಾಂಗದ್ವೇಷ. ಅವರ ಭ್ರಷ್ಟ ನಾಯಕರನ್ನು ಪ್ರಶ್ನಿಸಬಾರದು ಎನ್ನುವುದು ಆ ನಾಯಕರ ಬಲಿಪಶುಗಳಿಗೆ ಮಾಡುವ ದ್ರೋಹ.

8. ನಮ್ಮ ಹಕ್ಕೊತ್ತಾಯಗಳು

ಭಾರತ ಸರ್ಕಾರಕ್ಕೆ:

— ಹೊರದೇಶದ ಅಧಿಕಾರಿಗಳಿಗೆ ಲಂಚ ಕೊಡುವುದನ್ನು ಅಪರಾಧವಾಗಿಸುವ ಮಸೂದೆ 2011ರಲ್ಲಿ ಲೋಕಸಭೆಗೆ ಬಂದು, ಕಾನೂನಾಗದೆ ಬಿದ್ದುಹೋಯಿತು. ಅದನ್ನು ಮತ್ತೆ ತನ್ನಿ, ಹಲ್ಲು ಕೊಟ್ಟು ತನ್ನಿ.

— ಭಾರತೀಯ ಕಂಪನಿಗಳು ಹೊರದೇಶಗಳಲ್ಲಿ ಗಣಿ, ಎಣ್ಣೆ, ಭೂಮಿಗಾಗಿ ಯಾವ ಸರ್ಕಾರಕ್ಕೆ ಎಷ್ಟು ಕೊಟ್ಟವು ಎಂದು ಯೋಜನೆವಾರು ಪ್ರಕಟಿಸುವುದು ಕಡ್ಡಾಯವಾಗಲಿ. ಯುರೋಪ್ ಒಕ್ಕೂಟ, ಕೆನಡಾ ಇಂಥ ಕಾನೂನು ಮಾಡಿ ವರ್ಷಗಳೇ ಆದವು.

— ಕಂಪನಿಗಳ ನಿಜವಾದ ಮಾಲೀಕರ ಪಟ್ಟಿ ಸಾರ್ವಜನಿಕರಿಗೆ ಪುಕ್ಕಟೆಯಾಗಿ ಸಿಗಲಿ.

— ಎಕ್ಸಿಮ್ ಬ್ಯಾಂಕ್ ಆಫ್ರಿಕಾದ ದೇಶಗಳಿಗೆ ಕೊಡುವ ಸಾಲದ ಷರತ್ತುಗಳು, ಆ ಹಣದಲ್ಲಿ ಕಾಮಗಾರಿ ಪಡೆದವರ ಹೆಸರುಗಳು ಬಯಲಾಗಲಿ.

— ಭಾರತೀಯ ಕಂಪನಿಯಿಂದ ಹೊರದೇಶದಲ್ಲಿ ತೊಂದರೆಗೊಳಗಾದವರು ನಮ್ಮ ನ್ಯಾಯಾಲಯಗಳಲ್ಲಿ ದಾವೆ ಹೂಡಲು ದಾರಿಯಾಗಲಿ.

ಕರ್ನಾಟಕದ ಉದ್ಯಮಗಳಿಗೆ: ನಿಮ್ಮ ಬ್ಯಾಟರಿ, ತಂತಿ, ಆಭರಣ, ಗೋಡಂಬಿಯ ಕಚ್ಚಾ ಮಾಲು ಯಾವ ನೆಲದ್ದು, ಯಾರ ಕೈ ದಾಟಿ ಬಂತು ಎಂದು ವರ್ಷವರ್ಷ ಹೇಳಿ. ಬೆಳೆದ, ಅಗೆದ ನಾಡಿನಲ್ಲೇ ಕಾರ್ಖಾನೆ ಏಳಲು ಬಂಡವಾಳ ಹಾಕಿ, ನಿಮ್ಮ ಕೆಲಸದ ಅನುಭವ ಹಂಚಿಕೊಳ್ಳಿ.

ಶ್ರೀಮಂತ ದೇಶಗಳಿಗೆ, ಬ್ಯಾಂಕುಗಳಿಗೆ: ಕದ್ದ ಹಣ ಕಂತಿನಲ್ಲಿ ಬೇಡ, ಬಡ್ಡಿಸಹಿತ ಹಿಂತಿರುಗಿಸಿ. ಸಂಸತ್ತಿಗೆ ತಿಳಿಸದೆ ಎತ್ತಿದ ಸಾಲ ಜನರ ಸಾಲವಲ್ಲ, ಮನ್ನಾ ಮಾಡಿ.

ಆಫ್ರಿಕಾದ ಆಡಳಿತಗಾರರಿಗೆ: ಆಫ್ರಿಕಾದ ರಾಷ್ಟ್ರನಾಯಕರು 2009ರಲ್ಲಿ ತಾವೇ ಒಪ್ಪಿದ ಆಫ್ರಿಕಾ ಗಣಿ ನೀತಿಯನ್ನು ಜಾರಿಮಾಡಿ. ಗಣಿ ಕರಾರುಗಳನ್ನು, ನಿಮ್ಮ ಆಸ್ತಿಯನ್ನು ನಿಮ್ಮ ಜನರ ಮುಂದಿಡಿ. ಇದು ಹೊರಗಿನವರ ಉಪದೇಶವಲ್ಲ. ನಿಮ್ಮ ಪತ್ರಕರ್ತರು, ಪಾದ್ರಿಗಳು, ಕಾರ್ಮಿಕರು, ಹೆಣ್ಣುಮಕ್ಕಳು ವರ್ಷಗಳಿಂದ ಕೇಳುತ್ತಿರುವುದನ್ನೇ ನಾವು ಅವರ ಹಿಂದೆ ನಿಂತು ಕೇಳುತ್ತಿದ್ದೇವೆ.

9. ನಾವು ಮಾಡುವ ಕೆಲಸ

ಬಯಲಾದ ಗಣಿ ಕರಾರುಗಳನ್ನು, ಆಯೋಗಗಳ ವರದಿಗಳನ್ನು, ನ್ಯಾಯಾಲಯಗಳ ತೀರ್ಪುಗಳನ್ನು ಕನ್ನಡಕ್ಕೆ ತರುತ್ತೇವೆ. ಪ್ರತಿ ಜಿಲ್ಲೆಯಲ್ಲೂ ಲೆಕ್ಕ ಓದುವ ಕೂಟ ಕಟ್ಟುತ್ತೇವೆ. ಬ್ಯಾಲೆನ್ಸ್ ಶೀಟ್, ಸರಕಿನ ಪಟ್ಟಿ, ಗುತ್ತಿಗೆ ಪತ್ರ ಓದುವುದನ್ನು ಕಾಲೇಜು ಹುಡುಗರಿಗೆ ಕಲಿಸುತ್ತೇವೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತೇವೆ. ಷೇರು ಇರುವವರು ಕಂಪನಿಗಳ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುತ್ತಾರೆ.

ಇಲ್ಲಿ ಓದುವ ಆಫ್ರಿಕನ್ ವಿದ್ಯಾರ್ಥಿಗಳ ಜೊತೆ ಕೈ ಜೋಡಿಸುತ್ತೇವೆ. 2016ರ ಜನವರಿಯಲ್ಲಿ ಬೆಂಗಳೂರಿನ ಅಂಚಿನಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬರ ಮೇಲೆ ಗುಂಪು ಹಲ್ಲೆ ಮಾಡಿತು. ಬಣ್ಣ ನೋಡಿ ಮನೆ ಬಾಡಿಗೆ ಕೊಡದ ಊರಿನಲ್ಲಿ ಆಫ್ರಿಕಾದ ನ್ಯಾಯದ ಮಾತಿಗೆ ಬೆಲೆಯಿಲ್ಲ. ಆ ತಾತ್ಸಾರದ ವಿರುದ್ಧ ಬೀದಿಬೀದಿಯಲ್ಲಿ ಮಾತಾಡುತ್ತೇವೆ. ಯಲ್ಲಾಪುರ, ಹಳಿಯಾಳ ಸೀಮೆಯ ಸಿದ್ದಿ ಕನ್ನಡಿಗರ ಪೂರ್ವಿಕರು ಆಫ್ರಿಕಾದಿಂದ ಬಂದವರು, ಬಹಳಷ್ಟು ಮಂದಿಯನ್ನು ಗುಲಾಮರಾಗಿ ತಂದದ್ದು. ಈ ಚಳವಳಿಯ ಮುಂದಾಳತ್ವದಲ್ಲಿ ಅವರಿರಬೇಕು ಎಂದು ಆಹ್ವಾನಿಸುತ್ತೇವೆ.

ಗಣಿ ಕಂಪನಿಗಳಿಂದ, ರಾಜಕೀಯ ಪಕ್ಷಗಳಿಂದ, ಯಾವುದೇ ಸರ್ಕಾರದಿಂದ ಹಣ ಪಡೆಯುವುದಿಲ್ಲ. ನಮ್ಮ ಖರ್ಚು ವೆಚ್ಚದ ಲೆಕ್ಕ ಪ್ರತಿ ತಿಂಗಳು ಪ್ರಕಟಿಸುತ್ತೇವೆ. ಸಾಬೀತಾಗದ ಆರೋಪವನ್ನು ಸತ್ಯವೆಂದು ಸಾರುವುದಿಲ್ಲ. ಆಫ್ರಿಕನ್ನರ ಪರವಾಗಿ ನಾವೇ ತೀರ್ಮಾನ ಮಾಡುವುದಿಲ್ಲ. ಅವರ ಹೋರಾಟ ಅವರದ್ದು. ಲೂಟಿಯ ಸರಪಳಿಯಲ್ಲಿ ನಮ್ಮ ನಾಡು ಹಿಡಿದಿರುವ ಕೊಂಡಿಯನ್ನು ಕಳಚುವುದು ನಮ್ಮ ಪಾಲಿನ ಕೆಲಸ.

10. ಬನ್ನಿ

ಲೆಕ್ಕ ಬರೆಯಬಲ್ಲವರು ಬನ್ನಿ, ಕಾನೂನು ಬಲ್ಲವರು ಬನ್ನಿ. ಫ್ರೆಂಚ್, ಪೋರ್ಚುಗೀಸ್, ಸ್ವಾಹಿಲಿ ಬಲ್ಲವರು ಬನ್ನಿ. ಗಣಿಯಲ್ಲಿ ಕೆಲಸ ಮಾಡಿದವರು, ಗಣಿಯಿಂದ ಊರು ಕಳೆದುಕೊಂಡವರು ಬನ್ನಿ. ಆಫ್ರಿಕಾದ ದೇಶಗಳಲ್ಲಿ ದುಡಿಯುತ್ತಿರುವ ಕನ್ನಡಿಗರೇ, ನೀವು ಕಂಡ ನ್ಯಾಯ ಅನ್ಯಾಯ ಎರಡನ್ನೂ ನಮಗೆ ತಿಳಿಸಿ. ಯಾವುದೇ ಕಂಪನಿಯಲ್ಲಿ ಕೂತು ಇಂಥ ಕರಾರಿನ ಕರಡು ತಯಾರಿಸುತ್ತಿರುವವರೇ, ಪೆನ್ನು ಎತ್ತುವ ಮುನ್ನ ಒಮ್ಮೆ ಯೋಚಿಸಿ: ಈ ಹಾಳೆಯನ್ನು ಅಲ್ಲಿನ ಹಳ್ಳಿಯ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಲು ನಿಮಗೆ ಧೈರ್ಯವಿದೆಯೇ?

ಧೈರ್ಯವಿದ್ದರೆ ಪ್ರಕಟಿಸಿ. ಇಲ್ಲದಿದ್ದರೆ ಸಹಿ ಹಾಕಬೇಡಿ. ಈ ಎರಡರಲ್ಲಿ ಒಂದು ಆಗುವವರೆಗೆ ನಾವು ಕೇಳುತ್ತಲೇ ಇರುತ್ತೇವೆ.